ರೆಸಿಡೆನ್ಸಿ ರ‍್ಯಾಂಕ್ ಲಿಸ್ಟ್: ಯಾವುದು ಮೇಲೆ, ಯಾವುದು ಕೆಳಗೆ?

ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಎಂಬಿಬಿಎಸ್ ನಂತರ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿಗೆ, ಅರ್ಜಿ ಹಾಕಿದವರಿಗೆ ಜನವರಿ ಕೊನೆಯ ಹೊತ್ತಿಗೆ ಇಂಟರ್‌ವ್ಯೂಗಳ ಗದ್ದಲ ಮುಗಿದಿರುತ್ತದೆ. ಇನ್ನು ಉಳಿದಿರುವುದು ಒಂದೇ ಕೆಲಸ. ಇಂಟರ್‌ವ್ಯೂ ಆದ ಪ್ರೋಗ್ರಾಂಗಳನ್ನು ಒಂದರ ಕೆಳಗೊಂದು ಜೋಡಿಸಿ, ಅಭ್ಯರ್ಥಿಗಳಿಗೂ ಆಸ್ಪತ್ರೆಗಳಿಗೂ ಜೋಡಿ ಹೊಂದಿಸುವ (ಇದಕ್ಕೇ 'ಮ್ಯಾಚ್' ಅನ್ನುವುದು) ಎನ್‌ಆರ್‌ಎಂಪಿ ಸಂಸ್ಥೆಗೆ ಕೊಡಬೇಕು. ಮೈಸೂರು, ದಾವಣಗೆರೆ, ಹುಬ್ಬಳ್ಳಿ, ಮಣಿಪಾಲದಲ್ಲಿ ಎಂಬಿಬಿಎಸ್ ಮುಗಿಸಿ ಈ ಹಂತಕ್ಕೆ ಬಂದವರು ಪ್ರತಿ ವರ್ಷ ಕೇಳುವ ಪ್ರಶ್ನೆಯೂ ಒಂದೇ: "ದೊಡ್ಡ ಯೂನಿವರ್ಸಿಟಿ ಆಸ್ಪತ್ರೆಯನ್ನು ಮೊದಲು ಹಾಕಿದರೆ, ಸಿಗೋ ಚಾನ್ಸ್ ಇರುವ ಕಮ್ಯುನಿಟಿ ಆಸ್ಪತ್ರೆಯೂ ಕೈತಪ್ಪಿ ಹೋಗಲ್ವಾ?"

ಹೋಗುವುದಿಲ್ಲ. ಈ ಒಂದು ಮಾತು ಮನಸ್ಸಿಗೆ ಇಳಿಯದಿದ್ದರೆ ಮುಂದಿನ ಯಾವ ಹೋಲಿಕೆಯೂ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ. ನಾನು ಇಂಟರ್ನಲ್ ಮೆಡಿಸಿನ್‌ನವನು, ಹಾಗಾಗಿ ಉದಾಹರಣೆಗಳೂ ಅಲ್ಲಿಯವೇ ಜಾಸ್ತಿ.

ಕಂಪ್ಯೂಟರ್ ಏನು ಮಾಡುತ್ತದೆ

ನಮ್ಮಲ್ಲಿ ಕೆಇಎ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದು ಅರ್ಧ ಗೊತ್ತಿರುವ ಕೆಲಸ. ವ್ಯತ್ಯಾಸ ಇಷ್ಟೇ. ಅಲ್ಲಿ ನಿಮಗೊಂದು ನೀಟ್ ರ‍್ಯಾಂಕ್ ಇರುತ್ತದೆ, ಎಲ್ಲ ಕಾಲೇಜಿಗೂ ಅದೇ. ಇಲ್ಲಿ ಪ್ರತಿ ಆಸ್ಪತ್ರೆಯೂ ನಿಮ್ಮನ್ನು ತನ್ನದೇ ಪಟ್ಟಿಯಲ್ಲಿ ತನಗೆ ಬೇಕಾದ ಜಾಗದಲ್ಲಿ ಇಟ್ಟಿರುತ್ತದೆ. ಒಬ್ಬರಿಗೆ ನೀವು 5ನೆಯವರು, ಇನ್ನೊಬ್ಬರಿಗೆ 90ನೆಯವರು.

ನೀವು ಕ್ಲೀವ್‌ಲ್ಯಾಂಡಿನ ಒಂದು ಯೂನಿವರ್ಸಿಟಿ ಪ್ರೋಗ್ರಾಂ ಅನ್ನು 1ನೆಯದಾಗಿಯೂ, ಬ್ರೂಕ್ಲಿನ್‌ನ ಒಂದು ಕಮ್ಯುನಿಟಿ ಆಸ್ಪತ್ರೆಯನ್ನು 2ನೆಯದಾಗಿಯೂ ಹಾಕಿದ್ದೀರಿ ಅಂದುಕೊಳ್ಳಿ. ಬ್ರೂಕ್ಲಿನ್‌ನಲ್ಲಿ 12 ಸೀಟು, ಅವರ ಪಟ್ಟಿಯಲ್ಲಿ ನೀವು 5ನೆಯವರು. ಕಂಪ್ಯೂಟರ್ ಮೊದಲು ನಿಮ್ಮನ್ನು ಕ್ಲೀವ್‌ಲ್ಯಾಂಡಿನಲ್ಲಿ ಕೂರಿಸಲು ನೋಡುತ್ತದೆ. ಅಲ್ಲಿ ನಿಮಗಿಂತ ಮೇಲಿನವರಿಂದಲೇ ಸೀಟು ತುಂಬಿದ್ದರೆ ನಿಮ್ಮನ್ನು ಬ್ರೂಕ್ಲಿನ್‌ಗೆ ತರುತ್ತದೆ. ಅಷ್ಟರಲ್ಲಿ ಬ್ರೂಕ್ಲಿನ್‌ನ 12 ಸೀಟೂ ತುಂಬಿರಬಹುದು. ಆದರೆ ಅಲ್ಲಿ ಕೂತವರೆಲ್ಲ ತಾತ್ಕಾಲಿಕವಾಗಿ ಕೂತವರು. ಅವರಲ್ಲಿ ಆಸ್ಪತ್ರೆಯ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿರುವವರನ್ನು ಎಬ್ಬಿಸಿ, 5ನೆಯವರಾದ ನಿಮ್ಮನ್ನು ಕೂರಿಸುತ್ತದೆ. ಎದ್ದವರು ತಮ್ಮ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತಾರೆ. ತಡವಾಗಿ ಬಂದಿರಿ ಅನ್ನುವ ಕಾರಣಕ್ಕೆ ನಿಮ್ಮ ಸೀಟು ಹೋಗುವುದಿಲ್ಲ. ಕ್ಲೀವ್‌ಲ್ಯಾಂಡಿಗೆ ಪ್ರಯತ್ನಿಸಿದ್ದರಿಂದ ನಿಮಗೆ ಒಂದು ಪೈಸೆಯ ನಷ್ಟವೂ ಇಲ್ಲ.

ಈ ಮ್ಯಾಚ್ ವ್ಯವಸ್ಥೆ ಶುರುವಾದದ್ದು 1952ರಲ್ಲಿ. ಹತ್ತು ವರ್ಷದ ನಂತರ ಡೇವಿಡ್ ಗೇಲ್ ಮತ್ತು ಲಾಯ್ಡ್ ಶ್ಯಾಪ್ಲಿ ಎಂಬ ಇಬ್ಬರು ಗಣಿತಜ್ಞರು ಇಂಥ ಜೋಡಣೆಯ ಲೆಕ್ಕವನ್ನು ಬಿಡಿಸಿ ಬರೆದರು. ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್ಸನ್ ಅದನ್ನು ಅಭ್ಯರ್ಥಿಯ ಕಡೆಯಿಂದ ಶುರುವಾಗುವಂತೆ ತಿದ್ದಿದರು. 1998ರಿಂದ ನಡೆಯುತ್ತಿರುವುದು ಆ ರೂಪ. ರಾತ್ ಮತ್ತು ಶ್ಯಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗಾಗಿ "ಸಿಗೋದನ್ನ ಮೇಲೆ ಹಾಕು" ಎಂದು ಯಾವ ಸೀನಿಯರ್ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. ನಿಮಗೆ ಬೇಕಾದದ್ದು ಮೇಲೆ. ಅಷ್ಟೇ.

ಆದರೆ ಕಷ್ಟ ಶುರುವಾಗುವುದು ಇಲ್ಲೇ. ತಂತ್ರ ಮಾಡುವಂಥದ್ದು ಏನೂ ಇಲ್ಲ ಎಂದ ಮೇಲೆ, ನಿಮಗೆ ನಿಜವಾಗಿ ಏನು ಬೇಕು ಅನ್ನುವುದನ್ನು ನೀವೇ ಕಂಡುಕೊಳ್ಳಬೇಕು. ಹೆಸರು ನೋಡಿ, ಸಿಗುವ ಚಾನ್ಸ್ ನೋಡಿ ಅಲ್ಲ. ಮೂರು ವರ್ಷ ಅಲ್ಲಿ ನಿಮ್ಮ ದಿನ ಹೇಗಿರುತ್ತದೆ, ಮುಗಿದ ಮೇಲೆ ಯಾವ ಬಾಗಿಲು ತೆರೆದಿರುತ್ತದೆ ಎಂದು ನೋಡಿ.

ಮೊದಲು ಪಟ್ಟಿಯ ಕೆಳಭಾಗ

ಎಲ್ಲರೂ ಮೊದಲ ಮೂರು ಹೆಸರಿನ ಮೇಲೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಭಾರತದಿಂದ ಬರುವವರಿಗೆ ಕೆಳಗಿನ ಮೂರೂ ಅಷ್ಟೇ ಮುಖ್ಯ. ಅಮೆರಿಕದ ಪ್ರಜೆಗಳಲ್ಲದ, ಹೊರದೇಶದಲ್ಲಿ ಓದಿದ ಅಭ್ಯರ್ಥಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಮ್ಯಾಚ್ ಆದವರು ನೂರಕ್ಕೆ 55ರಿಂದ 60ರ ನಡುವೆ. ಒಂದು ಪ್ರೋಗ್ರಾಂ ಅನ್ನು ಪಟ್ಟಿಯಿಂದ ಬಿಟ್ಟರೆ "ಅಲ್ಲಿಗೆ ಹೋಗುವುದಕ್ಕಿಂತ ಈ ವರ್ಷ ಸೀಟೇ ಬೇಡ" ಎಂದು ಹೇಳಿದ ಹಾಗೆ. ನಿಜವಾಗಿ ಹಾಗನ್ನಿಸಿದರೆ ಮಾತ್ರ ಬಿಡಿ. ಊರು ಚಿಕ್ಕದು, ಚಳಿ ಜಾಸ್ತಿ, ಇಂಟರ್‌ವ್ಯೂ ಮಾಡಿದವರು ನಗಲಿಲ್ಲ ಅನ್ನುವುದೆಲ್ಲ ಬಿಡುವುದಕ್ಕೆ ಕಾರಣ ಅಲ್ಲ.

ಹಾಗೆಂದು ಎಲ್ಲವನ್ನೂ ಕಣ್ಣು ಮುಚ್ಚಿ ಹಾಕುವುದೂ ಸರಿಯಲ್ಲ. ಮ್ಯಾಚ್ ಒಪ್ಪಂದಕ್ಕೆ ನೀವು ಕಟ್ಟುಬಿದ್ದಿರುತ್ತೀರಿ. ಸಿಕ್ಕ ಕಡೆ ಹೋಗಲೇಬೇಕು, ಸೇರಿದ ಮೇಲೆ ಕನಿಷ್ಠ 45 ದಿನ ಇರಲೇಬೇಕು. ಬಿಟ್ಟು ಬಂದರೆ ಮುಂದಿನ ಮ್ಯಾಚ್‌ಗಳಿಂದ ಹೊರಗಿಡುವ ಅಧಿಕಾರ ಎನ್‌ಆರ್‌ಎಂಪಿಗಿದೆ.

ಬಿಡುವುದಕ್ಕೆ ನ್ಯಾಯವಾದ ಕಾರಣಗಳು ನನ್ನ ಲೆಕ್ಕದಲ್ಲಿ ಎರಡು. ಒಂದು, ರೆಸಿಡೆನ್ಸಿ ಪ್ರೋಗ್ರಾಂಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇ ಸಂಸ್ಥೆಯ ಮಾನ್ಯತೆ ತೂಗುಯ್ಯಾಲೆಯಲ್ಲಿರುವುದು. ಎಸಿಜಿಎಂಇ ವೆಬ್‌ಸೈಟಿನಲ್ಲಿ ಯಾವ ಪ್ರೋಗ್ರಾಂನ ಸ್ಥಿತಿಯನ್ನಾದರೂ ಯಾರು ಬೇಕಾದರೂ ನೋಡಬಹುದು. 'ಕಂಟಿನ್ಯೂಡ್' ಎಂದಿದ್ದರೆ ನೆಮ್ಮದಿ. 'ಇನಿಷಿಯಲ್' ಎಂದರೆ ಹೊಸ ಪ್ರೋಗ್ರಾಂ, ಅದು ತಪ್ಪೇನಲ್ಲ. 'ವಾರ್ನಿಂಗ್' ಇದ್ದರೆ ಏನಾಗಿತ್ತು ಎಂದು ಕೇಳಿ. 'ಪ್ರೊಬೇಷನ್' ಇದ್ದರೆ ಎರಡು ಸಲ ಯೋಚಿಸಿ. ಇನ್ನೊಂದು, ಆಸ್ಪತ್ರೆಯ ಹಣಕಾಸು. 2019ರಲ್ಲಿ ಫಿಲಡೆಲ್ಫಿಯಾದ ಹಾನಿಮನ್ ಯೂನಿವರ್ಸಿಟಿ ಆಸ್ಪತ್ರೆ ದಿವಾಳಿಯಾಗಿ ಮುಚ್ಚಿದಾಗ 550ಕ್ಕೂ ಹೆಚ್ಚು ರೆಸಿಡೆಂಟ್‌ಗಳು ಮತ್ತು ಫೆಲೋಗಳು (ರೆಸಿಡೆನ್ಸಿ ನಂತರ ಕಾರ್ಡಿಯಾಲಜಿಯಂಥ ವಿಷಯ ಕಲಿಯುವವರು) ರಾತ್ರೋರಾತ್ರಿ ಬೇರೆ ಜಾಗ ಹುಡುಕಬೇಕಾಯಿತು. ವೀಸಾದಲ್ಲಿ ಇದ್ದವರ ಪಾಡು ಇನ್ನೂ ಕಷ್ಟ. ಆಸ್ಪತ್ರೆಯ ಹೆಸರಿನ ಜೊತೆ ದಿವಾಳಿ, ಮಾರಾಟ, ವಿಲೀನ ಎಂಬ ಮಾತು ಹಾಕಿ ಸ್ಥಳೀಯ ಪತ್ರಿಕೆಗಳಲ್ಲಿ ಹುಡುಕುವುದಕ್ಕೆ ಹತ್ತು ನಿಮಿಷ ಸಾಕು.

ಜೆ-1 ಅಥವಾ ಎಚ್-1ಬಿ

ನಮ್ಮವರ ಪಟ್ಟಿಯನ್ನು ಅತಿ ಹೆಚ್ಚು ತಿರುವುಮುರುವು ಮಾಡುವುದು ಈ ಎರಡು ವೀಸಾಗಳ ನಡುವಿನ ಆಯ್ಕೆ. ಅಮೆರಿಕದಲ್ಲೇ ಹುಟ್ಟಿದ ನಮ್ಮ ಸಹಪಾಠಿಗಳು ಇದರ ಬಗ್ಗೆ ಯೋಚಿಸಬೇಕಾಗಿಯೇ ಇಲ್ಲ, ಪುಣ್ಯವಂತರು.

ಜೆ-1ರಲ್ಲಿ ಸ್ಪಾನ್ಸರ್ ಆಗುವುದು ಆಸ್ಪತ್ರೆಯಲ್ಲ, ಹೊರದೇಶದಲ್ಲಿ ಓದಿದ ವೈದ್ಯರಿಗೆ ಪ್ರಮಾಣಪತ್ರ ಕೊಡುವ ಇಸಿಎಫ್‌ಎಂಜಿ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದಿಂದ 'ಸ್ಟೇಟ್‌ಮೆಂಟ್ ಆಫ್ ನೀಡ್' ಪತ್ರ ಬೇಕು. ಸಾಮಾನ್ಯವಾಗಿ ಏಳು ವರ್ಷದವರೆಗೆ ಸಿಗುತ್ತದೆ. ಅಂದರೆ ಮೂರು ವರ್ಷ ಮೆಡಿಸಿನ್, ಮೇಲೆ ಮೂರು ವರ್ಷ ಕಾರ್ಡಿಯಾಲಜಿ ಮಾಡಿದರೂ ಅವಧಿ ಸಾಕಾಗುತ್ತದೆ. ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು. ಇಲ್ಲವೇ ವೈದ್ಯರ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಿ ಆ ಷರತ್ತಿನಿಂದ ಬಿಡುಗಡೆ (ವೇವರ್) ಪಡೆಯಬೇಕು. ಇದರಲ್ಲಿ ಪ್ರಸಿದ್ಧವಾದದ್ದು ಕಾನ್ರಾಡ್ 30, ವರ್ಷಕ್ಕೆ ರಾಜ್ಯಕ್ಕೆ 30 ಜಾಗ. ಜೆ-1ರಲ್ಲಿ ಮೂನ್‌ಲೈಟಿಂಗ್ ಮಾಡಿ ಹೆಚ್ಚುವರಿ ದುಡಿಯುವಂತಿಲ್ಲ. ಆದರೆ ಗಂಡ ಅಥವಾ ಹೆಂಡತಿ ಜೆ-2ರಲ್ಲಿ ಬಂದರೆ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು.

ಎಚ್-1ಬಿಯಲ್ಲಿ ಆ ಎರಡು ವರ್ಷದ ಷರತ್ತು ಇಲ್ಲ. ಎಲ್ಲರೂ ಅದಕ್ಕೆ ಮುಗಿಬೀಳುವುದು ಅದಕ್ಕೇ. ಆದರೆ ಅಮೆರಿಕದ ವೈದ್ಯಕೀಯ ಲೈಸೆನ್ಸ್ ಪರೀಕ್ಷೆಯ ಕೊನೆಯ ಹಂತವಾದ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. ಒಟ್ಟು ಮಿತಿ ಆರು ವರ್ಷ. ಮೂರು ವರ್ಷ ರೆಸಿಡೆನ್ಸಿ, ಮೂರು ವರ್ಷ ಫೆಲೋಶಿಪ್ ಆದರೆ ಅಲ್ಲಿಗೆ ಕೈ ಖಾಲಿ. ಎಚ್-4ರಲ್ಲಿ ಬರುವ ಸಂಗಾತಿ, ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟುವವರೆಗೆ ಸಾಮಾನ್ಯವಾಗಿ ಕೆಲಸ ಮಾಡುವಂತಿಲ್ಲ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅನ್ನುವುದು ಎಲ್ಲರಿಗೂ ಗೊತ್ತೇ ಇದೆ. ಮೇಲಿಂದ, 2025ರ ಸೆಪ್ಟೆಂಬರಿನ ಅಧ್ಯಕ್ಷರ ಘೋಷಣೆ ದೇಶದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿತು. ಇಂಟರ್ನ್ (ಮೊದಲ ವರ್ಷದ ರೆಸಿಡೆಂಟ್) ಒಬ್ಬರ ವರ್ಷದ ಸಂಬಳಕ್ಕಿಂತ ಇದು ಜಾಸ್ತಿ. ಹಿಂದಿನ ವರ್ಷ ಎಚ್-1ಬಿ ಕೊಟ್ಟಿದ್ದರು ಅನ್ನುವುದನ್ನು ನಂಬಿ ಕೂರಬೇಡಿ. "ಈ ಜುಲೈಗೆ ಸೇರುವವರಿಗೆ, ಭಾರತದಿಂದ ಬರುವವರಿಗೆ ಕೊಡುತ್ತೀರಾ?" ಎಂದು ಕೋಆರ್ಡಿನೇಟರ್‌ಗೆ ಮೇಲ್ ಹಾಕಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ವೀಸಾ ಒಂದಕ್ಕಾಗಿ ಕಲಿಕೆ ಕಳಪೆ ಇರುವ ಜಾಗವನ್ನು ಮೇಲೆ ಹಾಕಬೇಡಿ. ಹಾಸ್ಪಿಟಲಿಸ್ಟ್ (ಆಸ್ಪತ್ರೆಯ ಒಳರೋಗಿಗಳನ್ನೇ ನೋಡುವ ವೈದ್ಯ) ಆಗುವ ಅಥವಾ ಪ್ರೈಮರಿ ಕೇರ್ ಮಾಡುವ ಮನಸ್ಸಿದ್ದರೆ ಮೂರು ವರ್ಷದ ವೇವರ್ ಕೆಲಸ ಸಂಬಳದ ಕೆಲಸವೇ, ವನವಾಸ ಅಲ್ಲ. ಎರಡು ಪ್ರೋಗ್ರಾಂ ಸರಿಸಮ ಅನ್ನಿಸಿದಾಗ ಮಾತ್ರ ವೀಸಾ ತಕ್ಕಡಿಯನ್ನು ತೂಗಿಸಲಿ. ಆಗಲೂ, ಸಂಗಾತಿ ಕೆಲಸ ಮಾಡುವವರಾದರೆ ಜೆ-1 ಕಡೆ ತೂಗಿದರೂ ಆಶ್ಚರ್ಯವಿಲ್ಲ.

ಯೂನಿವರ್ಸಿಟಿಯೋ, ಕಮ್ಯುನಿಟಿಯೋ

ಈ ಎರಡು ಪದ ಕೇಳಿದ ತಕ್ಷಣ ನಮ್ಮ ತಲೆಯಲ್ಲಿ ಮೇಲು ಕೀಳು ಶುರುವಾಗುತ್ತದೆ. ಅದನ್ನು ಪಕ್ಕಕ್ಕಿಡಿ. ನಡುವೆ ಯೂನಿವರ್ಸಿಟಿ ಹೆಸರು ಹೊತ್ತ ಕಮ್ಯುನಿಟಿ ಆಸ್ಪತ್ರೆಗಳೂ ಬೇಕಾದಷ್ಟಿವೆ, ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ.

ಫೆಲೋಶಿಪ್ ಬೇಕು, ಅದರಲ್ಲೂ ಕಾರ್ಡಿಯಾಲಜಿ, ಗ್ಯಾಸ್ಟ್ರೋ ಬೇಕು ಅನ್ನುವವರಿಗೆ ಯೂನಿವರ್ಸಿಟಿಯಲ್ಲಿ ಅನುಕೂಲ ಜಾಸ್ತಿ. ರಿಸರ್ಚ್ ಮಾಡಲು ಜನ ಇರುತ್ತಾರೆ, ಶಿಫಾರಸು ಪತ್ರದ ಕೆಳಗಿನ ಹೆಸರನ್ನು ಬೇರೆ ಕಡೆಯವರು ಗುರುತಿಸುತ್ತಾರೆ. ಆದರೆ ಅಲ್ಲಿ ಪ್ರೊಸೀಜರ್ ಬಂದರೆ ಮೊದಲು ಫೆಲೋ ಕೈಗೆ ಹೋಗುತ್ತದೆ. ಕಮ್ಯುನಿಟಿಯಲ್ಲಿ ನಡುರಾತ್ರಿ ಸೆಂಟ್ರಲ್ ಲೈನ್ ಹಾಕಬೇಕಾದರೆ ಹಾಕುವುದು ನೀವೇ, ಅಟೆಂಡಿಂಗ್ (ಜವಾಬ್ದಾರಿ ಹೊತ್ತ ಹಿರಿಯ ವೈದ್ಯರು) ಪಕ್ಕದಲ್ಲಿ ನಿಂತಿರುತ್ತಾರೆ. ಮೂರು ವರ್ಷದ ಕೊನೆಗೆ ಕೈ ಪಳಗಿರುವುದು ಎಷ್ಟೋ ಸಲ ಕಮ್ಯುನಿಟಿಯವರದ್ದೇ.

ಇಲ್ಲಿ ನೋಡಬೇಕಾದದ್ದು ಬೋರ್ಡಿನ ಮೇಲಿನ ಹೆಸರಲ್ಲ, ಹೊರಗೆ ಹೋದವರ ಪಟ್ಟಿ. ಕಳೆದ ಮೂರು ವರ್ಷದಲ್ಲಿ ಇಲ್ಲಿ ಮುಗಿಸಿದವರು ಎಲ್ಲಿಗೆ ಹೋದರು? ಅವರಲ್ಲಿ ನಿಮ್ಮ ಹಾಗೆ ವೀಸಾದಲ್ಲಿ ಇದ್ದವರು ಎಷ್ಟು ಮಂದಿ? "ನಮ್ಮಲ್ಲಿ ಕಾರ್ಡಿಯಾಲಜಿಗೆ ಹೋಗ್ತಾರೆ" ಎಂಬ ಮಾತಿನ ಹಿಂದೆ ಒಬ್ಬರೇ ಇರಬಹುದು, ಅವರು ಗ್ರೀನ್ ಕಾರ್ಡ್ ಇದ್ದವರೂ ಆಗಿರಬಹುದು. ಆಸ್ಪತ್ರೆಯಲ್ಲೇ ಫೆಲೋಶಿಪ್ ಇದ್ದರೆ, ಅವರು ತಮ್ಮವರನ್ನು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಿ. ನನ್ನ ಕಣ್ಣಿಗೆ, ಒಳಗೇ ಫೆಲೋಶಿಪ್ ಇರುವ ಸಾಧಾರಣ ಕಮ್ಯುನಿಟಿ ಆಸ್ಪತ್ರೆ, ಹೊರಗಿನವರನ್ನೇ ಆರಿಸುವ ಹೆಸರಾಂತ ಯೂನಿವರ್ಸಿಟಿಗಿಂತ ಮೇಲೆ.

ಬೋರ್ಡ್ ಪರೀಕ್ಷೆ, ಅಂದರೆ ತಜ್ಞರೆಂದು ಮಾನ್ಯ ಮಾಡುವ ಪರೀಕ್ಷೆ, ಪಾಸಾದವರ ಪ್ರಮಾಣವನ್ನೂ ನೋಡಿ. ಇಂಟರ್ನಲ್ ಮೆಡಿಸಿನ್‌ನಲ್ಲಿ ಆ ಪರೀಕ್ಷೆ ನಡೆಸುವ ಎಬಿಐಎಂ ಪ್ರತಿ ಪ್ರೋಗ್ರಾಂನ ಮೂರು ವರ್ಷದ ಅಂಕಿಗಳನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಒಂದೆರಡು ಶೇಕಡಾ ಹೆಚ್ಚುಕಮ್ಮಿಗೆ ತಲೆ ಕೆಡಿಸಿಕೊಳ್ಳಬೇಡಿ. ದೇಶದ ಸರಾಸರಿಗಿಂತ ತುಂಬಾ ಕೆಳಗಿದ್ದರೆ, ಅಲ್ಲಿ ಓದುವುದಕ್ಕೆ ಸಮಯ ಸಿಗುತ್ತಿಲ್ಲ ಎಂದು ಸಂಶಯ ಪಡಿ.

ದಿನ ಹೇಗಿರುತ್ತದೆ

ವಾರಕ್ಕೆ 80 ಗಂಟೆ, ಅದೂ ನಾಲ್ಕು ವಾರದ ಸರಾಸರಿಯಲ್ಲಿ. 2003ರಿಂದ ದೇಶಕ್ಕೆಲ್ಲ ಇದೇ ನಿಯಮ. ಕಾಗದದ ಮೇಲೆ ಎಲ್ಲ ಕಡೆ ಒಂದೇ. ಹಾಗಾಗಿ "ಎಷ್ಟು ಗಂಟೆ ಕೆಲಸ?" ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ.

ಇಂಟರ್ನ್ ಒಬ್ಬರ ಕೈಯಲ್ಲಿ ಒಂದು ದಿನ ಎಷ್ಟು ರೋಗಿಗಳು? ರಾತ್ರಿ ಪಾಳಿ ಬೇರೆಯವರಿಗೆ ಇರುತ್ತದೆಯೋ, ಅಥವಾ ಹಗಲು ಮಾಡಿದವರೇ 24 ಗಂಟೆ ಮುಂದುವರಿಸುತ್ತಾರೋ? ಬೆಳಿಗ್ಗೆ ರಕ್ತ ಯಾರು ತೆಗೆಯುತ್ತಾರೆ? ರೋಗಿಯನ್ನು ಸಿಟಿ ಸ್ಕ್ಯಾನ್‌ಗೆ ಯಾರು ತಳ್ಳಿಕೊಂಡು ಹೋಗುತ್ತಾರೆ? ಈ ಕೊನೆಯ ಎರಡು ನಗು ಬರಿಸುವ ಪ್ರಶ್ನೆಗಳು. ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್‌ಸರ್ಜನ್ ಆಗಿದ್ದವರಿಗೆ ಅದರ ಬೆಲೆ ಗೊತ್ತು. ಕೆಲವು ಹಳೆಯ ನಗರದ ಆಸ್ಪತ್ರೆಗಳಲ್ಲಿ ಇವತ್ತಿಗೂ ಈ ಕೆಲಸ ರೆಸಿಡೆಂಟ್ ತಲೆಗೇ. ಆ ಸಮಯ ಎಲ್ಲಿಂದ ಬರುತ್ತದೆ? ನಿಮ್ಮ ಮಧ್ಯಾಹ್ನದ ಕ್ಲಾಸಿನಿಂದ.

ಶೆಡ್ಯೂಲ್ ನೋಡಲು ಸಿಕ್ಕರೆ 4+1 ಎಂಬಂಥ ಅಂಕಿ ಇರುತ್ತದಾ ನೋಡಿ. ನಾಲ್ಕು ವಾರ ವಾರ್ಡ್, ಒಂದು ವಾರ ಕ್ಲಿನಿಕ್. ಕ್ಲಿನಿಕ್ ವಾರದಲ್ಲಿ ಸಾಮಾನ್ಯವಾಗಿ ರಾತ್ರಿ ಪಾಳಿ ಇರುವುದಿಲ್ಲ, ವಾರಾಂತ್ಯ ನಿಮ್ಮದು. ಈ ಪದ್ಧತಿ ಇಲ್ಲದ ಕಡೆ ವಾರ್ಡಿನ ಮಧ್ಯೆಯೇ ಮಧ್ಯಾಹ್ನ ಕ್ಲಿನಿಕ್‌ಗೆ ಓಡಬೇಕು. ಎರಡೂ ಕಡೆ ಗಂಟೆಯ ಲೆಕ್ಕ ಒಂದೇ ಇರಬಹುದು. ಬದುಕು ಒಂದೇ ಅಲ್ಲ.

ಇವಕ್ಕೆಲ್ಲ ನಿಜವಾದ ಉತ್ತರ ಪ್ರೋಗ್ರಾಂ ಡೈರೆಕ್ಟರ್ ಹತ್ತಿರ ಸಿಗುವುದಿಲ್ಲ. ಎರಡನೆಯ ವರ್ಷದ ರೆಸಿಡೆಂಟ್ ಒಬ್ಬರನ್ನು ಹಿಡಿಯಿರಿ. ಮೊದಲ ವರ್ಷದವರು ಇನ್ನೂ ಸುಸ್ತಾಗಿರುತ್ತಾರೆ, ಮೂರನೆಯವರ ಮನಸ್ಸು ಆಗಲೇ ಹೊರಗೆ ಹೋಗಿರುತ್ತದೆ. "ಕಳೆದ ವರ್ಷ ಯಾರಾದರೂ ಮಧ್ಯೆ ಬಿಟ್ಟು ಹೋದರಾ? ಯಾಕೆ?" ಎಂದು ಕೇಳಿ. ಉತ್ತರ ಏನೇ ಬರಲಿ, ಹೇಳುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದರು ಅನ್ನುವುದನ್ನು ಗಮನಿಸಿ.

ಊರು, ಬಾಡಿಗೆ, ಮೊಸರನ್ನ

ಮೊದಲ ವರ್ಷದ ಸಂಬಳ ಹೆಚ್ಚಿನ ಕಡೆ 60ರಿಂದ 80 ಸಾವಿರ ಡಾಲರ್ ಒಳಗೆ. ನ್ಯೂಯಾರ್ಕಿನವರು ಒಂದಿಷ್ಟು ಜಾಸ್ತಿ ಕೊಡುತ್ತಾರೆ, ಬಾಡಿಗೆ ಅದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಒಹಾಯೋ, ಮಿಷಿಗನ್ ಕಡೆಯ ಸಣ್ಣ ಊರಲ್ಲಿ ಅದೇ ದುಡ್ಡಿಗೆ ಮನೆ ದೊಡ್ಡದು ಸಿಗುತ್ತದೆ. ಆದರೆ ಕಾರು ಬೇಕೇ ಬೇಕು, ಹಿಮದಲ್ಲಿ ಓಡಿಸಲು ಕಲಿಯಬೇಕು, ಬಂದ ಮೊದಲ ತಿಂಗಳೇ ಆ ಖರ್ಚು.

ಊರಿನ ವಿಷಯವನ್ನು ಪಟ್ಟಿಯಲ್ಲಿ ಎಷ್ಟು ಲೆಕ್ಕಕ್ಕೆ ಹಿಡಿಯಬೇಕು? ಒಬ್ಬಂಟಿಯಾಗಿ ಬರುವವರು ಇದನ್ನು ಕಡಿಮೆ ಅಂದಾಜು ಮಾಡುತ್ತಾರೆ ಅನ್ನುವುದು ನನ್ನ ಅನಿಸಿಕೆ. ಫೆಬ್ರವರಿಯ ಕತ್ತಲಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಾಗ ಮಾತಾಡಲು ಒಬ್ಬರು ಬೇಕಾಗುತ್ತಾರೆ. ಡೆಟ್ರಾಯಿಟ್ ಕಡೆ ಪಂಪ ಕನ್ನಡ ಕೂಟ, ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ ಇವೆ. ಫ್ಲಶಿಂಗ್ ಗಣೇಶ ದೇವಸ್ಥಾನದ ಕ್ಯಾಂಟೀನಿನ ದೋಸೆಗೆ ಬ್ರೂಕ್ಲಿನ್, ಬ್ರಾಂಕ್ಸ್‌ನ ರೆಸಿಡೆಂಟ್‌ಗಳು ರಜಾದಿನ ರೈಲು ಹಿಡಿದು ಹೋಗುತ್ತಾರೆ. ಹಾಗೆಂದು ದೋಸೆಗೋಸ್ಕರ ಪ್ರೋಗ್ರಾಂ ಆರಿಸಿ ಅಂತಲ್ಲ. ಆದರೆ ಸಮ ಸಮ ಬಂದ ಎರಡರ ನಡುವೆ ಇದೂ ಒಂದು ಕಾರಣ ಆಗಬಹುದು, ನಾಚಿಕೊಳ್ಳಬೇಕಿಲ್ಲ. ಸುಮ್ನೆ ಹೇಳುತ್ತೇನೆ, ಮ್ಯಾಚ್ ಡೇ, ಅಂದರೆ ಯಾರಿಗೆ ಎಲ್ಲಿ ಸೀಟು ಎಂದು ಗೊತ್ತಾಗುವ ದಿನ, ಮಾರ್ಚಿನ ಮೂರನೆಯ ಶುಕ್ರವಾರ. 2026ರಲ್ಲಿ ಅದು ಯುಗಾದಿಯ ಮರುದಿನ, ಹೊಸತೊಡಕಿನ ದಿನವೇ ಬಿದ್ದಿದೆ.

ಪ್ರಿಲಿಮಿನರಿ ಸೀಟು ಇದ್ದರೆ

ಒಂದೇ ಆಸ್ಪತ್ರೆಗೆ ಎರಡು ಮೂರು ಕೋಡ್ ಇರಬಹುದು. ಕ್ಯಾಟಗರಿಕಲ್, ಪ್ರೈಮರಿ ಕೇರ್, ಪ್ರಿಲಿಮಿನರಿ. ಕ್ಯಾಟಗರಿಕಲ್ ಎಂದರೆ ತರಬೇತಿಯ ಪೂರ್ತಿ ಅವಧಿಯ ಸೀಟು. ಪ್ರಿಲಿಮಿನರಿ ಎಂದರೆ ಒಂದೇ ವರ್ಷ, ಆಮೇಲೆ ನಿಮ್ಮ ದಾರಿ ನಿಮಗೆ. ಹೆಸರಾಂತ ಜಾಗದ ಪ್ರಿಲಿಮಿನರಿ ಸರ್ಜರಿಯನ್ನು ಸಣ್ಣ ಊರಿನ ಕ್ಯಾಟಗರಿಕಲ್ ಮೇಲೆ ಹಾಕುವವರನ್ನು ನೋಡಿದ್ದೇನೆ. ವೀಸಾ ಇರುವವರಿಗೆ ಇದು ದೊಡ್ಡ ಜೂಜು. ನನ್ನ ಸಲಹೆ, ಒಪ್ಪಬಹುದಾದ ಕ್ಯಾಟಗರಿಕಲ್ ಎಲ್ಲ ಮುಗಿದ ಮೇಲೆ ಪ್ರಿಲಿಮಿನರಿ. ರೇಡಿಯಾಲಜಿಯಂಥ ವಿಷಯದಲ್ಲಿ ಎರಡನೆಯ ವರ್ಷದಿಂದ ಶುರುವಾಗುವ ಸೀಟಿಗೆ ಹಾಕಿದ್ದರೆ, ಮೊದಲ ವರ್ಷಕ್ಕೆ ಪೂರಕ ಪಟ್ಟಿ ಬೇರೆ ಕೊಡಬೇಕು, ಮರೆಯಬೇಡಿ.

ಗಂಡ ಹೆಂಡತಿ ಇಬ್ಬರೂ ಮ್ಯಾಚ್‌ನಲ್ಲಿದ್ದರೆ ಪಟ್ಟಿ ಜೋಡಿ ಜೋಡಿಯಾಗಿ ಬರೆಯಬೇಕು. ಒಬ್ಬರಿಗೆ ಸೀಟು, ಇನ್ನೊಬ್ಬರಿಗೆ ಇಲ್ಲ ಅನ್ನುವ ಜೋಡಿಯನ್ನೂ ಕೊನೆಯಲ್ಲಿ ಹಾಕುವುದೋ ಬೇಡವೋ ಎಂದು ಮೊದಲೇ ಮಾತಾಡಿಕೊಳ್ಳಿ. ಕೊನೆಯ ರಾತ್ರಿಗೆ ಬಿಟ್ಟರೆ ಜಗಳ ಖಂಡಿತ.

ಜೋಡಿಸುವುದು ಹೇಗೆ

ಎಕ್ಸೆಲ್ ಶೀಟ್ ಮಾಡಿ, ಬೇಡ ಅನ್ನುವುದಿಲ್ಲ. ಊರಿಗೆ 10, ವೀಸಾಗೆ 20 ಎಂದು ಅಂಕ ಕೊಟ್ಟು ಕೂಡಿಸಿದರೆ ಮನಸ್ಸಿಗೆ ಸಮಾಧಾನ ಆಗುತ್ತದೆ. ಆದರೆ ಮೊತ್ತ ನೋಡಿ "ಅಯ್ಯೋ, ಇದು ಮೇಲೆ ಬಂತಲ್ಲ" ಅನ್ನಿಸಿದರೆ, ಆ ಅಯ್ಯೋವನ್ನು ನಂಬಿ, ಮೊತ್ತವನ್ನಲ್ಲ.

ಅದಕ್ಕಿಂತ ಒಳ್ಳೆಯ ದಾರಿ ಎರಡೆರಡನ್ನೇ ಹೋಲಿಸುವುದು. ಇವತ್ತು ಎರಡೂ ಕಡೆಯಿಂದ ಕರೆ ಬಂದಿದೆ, ಸಂಜೆಯೊಳಗೆ ಒಂದಕ್ಕೆ ಸಹಿ ಹಾಕಬೇಕು. ಯಾವುದಕ್ಕೆ? ಉತ್ತರ ಬಂದ ಮೇಲೆ ಗೆದ್ದದ್ದನ್ನು ಮುಂದಿನದರ ಜೊತೆ ಇಡಿ. ಹತ್ತು ಹನ್ನೆರಡು ಹೆಸರಿನ ಪಟ್ಟಿ ಒಂದು ಸಂಜೆಯಲ್ಲಿ ನಿಲ್ಲುತ್ತದೆ. ಎರಡು ದಿನ ಬಿಟ್ಟು ಹಳೆಯದನ್ನು ನೋಡದೆ ಮತ್ತೆ ಮಾಡಿ. ಜಾಗ ಬದಲಾದ ಹೆಸರುಗಳ ಬಗ್ಗೆ ಮಾತ್ರ ಇನ್ನೊಮ್ಮೆ ವಿಚಾರಿಸಿದರೆ ಸಾಕು. ಇಪ್ಪತ್ತು ಹೆಸರಿನವರೆಗೆ ಮೂಲ ಶುಲ್ಕದಲ್ಲೇ ಆಗುತ್ತದೆ, ಆಮೇಲೆ ಪ್ರತಿ ಹೆಸರಿಗೂ ದುಡ್ಡು.

ಈ ನಡುವೆ ಆಸ್ಪತ್ರೆಗಳಿಂದ ಮೇಲ್ ಬರುತ್ತವೆ. "ನಿಮ್ಮನ್ನು ತುಂಬಾ ಮೇಲೆ ರ‍್ಯಾಂಕ್ ಮಾಡುತ್ತಿದ್ದೇವೆ." ಓದಿ ಖುಷಿಪಡಿ, ಪಟ್ಟಿ ಮುಟ್ಟಬೇಡಿ. ಆ ಮಾತಿಗೆ ಅವರು ಬದ್ಧರಲ್ಲ. ನೀವು ಅವರನ್ನು ಎಷ್ಟನೆಯದಾಗಿ ಹಾಕಿದ್ದೀರಿ ಎಂದು ಕೇಳುವ ಹಕ್ಕು ಅವರಿಗಿಲ್ಲ, ಕೇಳಿದರೆ ನಿಯಮ ಮುರಿದ ಹಾಗೆ. ಮೇಲ್ ಬರಲಿಲ್ಲ ಎಂದು ಕೆಳಗೆ ಇಳಿಸುವುದೂ ಅಷ್ಟೇ ದಡ್ಡತನ. ಎಷ್ಟೋ ಪ್ರೋಗ್ರಾಂಗಳು ಯಾರಿಗೂ ಏನೂ ಬರೆಯುವುದಿಲ್ಲ.

ಪಟ್ಟಿ ನಿಂತ ಮೇಲೆ ಕೋಡ್‌ಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿ, ಸರ್ಟಿಫೈ ಒತ್ತಿ. ಸುಮ್ಮನೆ ಸೇವ್ ಆದ ಪಟ್ಟಿ ಮ್ಯಾಚ್‌ಗೆ ಹೋಗುವುದಿಲ್ಲ. ಆಮೇಲೆ ಏನಾದರೂ ತಿದ್ದಿದರೆ ಮತ್ತೆ ಸರ್ಟಿಫೈ ಮಾಡಲೇಬೇಕು. ಕೊನೆಯ ಗಡುವು ಮಾರ್ಚ್ ಮೊದಲ ವಾರದ ಹೊತ್ತಿಗೆ, ಅಮೆರಿಕದ ಪೂರ್ವದ ಸಮಯ ರಾತ್ರಿ 9ಕ್ಕೆ. ಬೆಂಗಳೂರಿನಲ್ಲಿ ಕೂತವರಿಗೆ ಅದು ಮರುದಿನ ಬೆಳಿಗ್ಗೆ 7:30. ಆ ರಾತ್ರಿ ಟೆಲಿಗ್ರಾಂ ಗುಂಪುಗಳಲ್ಲಿ ಯಾವುದಾದರೂ ಪ್ರೋಗ್ರಾಂ ಬಗ್ಗೆ ಹೊಸ ಸುದ್ದಿ ಹರಿದಾಡಿಯೇ ತೀರುತ್ತದೆ. ಹಿಂದಿನ ದಿನವೇ ಸರ್ಟಿಫೈ ಮಾಡಿ, ಖಚಿತವಾದ ಮೇಲ್ ಬಂತಾ ನೋಡಿ, ಲಾಗೌಟ್ ಮಾಡಿ ಮಲಗಿ.